ಚೊಗರಿನ ನಾಡಲ್ಲಿ ಸಕ್ಕರೆಯಿಲ್ಲದ ಸಿಹಿ

ಅಜ್ಜಂಪುರದ ನಮ್ಮ ಚಿಕ್ಕಮ್ಮನ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಇನ್ನೊಂದು ಪುಟ್ಟ ಡಬ್ಬಿ ಇದೆ. ತಲೆಯ ಮೇಲಿನ ಗುಂಡಿ ಒತ್ತಿದರೆ ಟಕ್ಕೆಂದು ಒಂದು ಮಾತ್ರೆ ಬೀಳುತ್ತದೆ. ತೊಗರಿಬೇಳೆಗಿಂತ ಚಿಕ್ಕದು. ಶುಗರ್ ಬಂದ ಮೇಲೆ ಅವರ ಕಾಫಿಗೆ ಅದರಲ್ಲಿ ಎರಡು ಬೀಳಲೇಬೇಕು. ನೆಂಟರ ಮನೆಗೆ ಹೊರಟರೂ ಡಬ್ಬಿ ಕೈಚೀಲ ಸೇರಿರುತ್ತದೆ. ಕಳೆದ ಯುಗಾದಿಗೆ ಅವರು ತಮಗೂ ನನಗೂ ಎಂದು (ನನ್ನ ಶುಗರ್ ಕೂಡ ಗಡಿಗೆ ಬಂದು ನಿಂತಿದೆ) ಬೇರೆಯೇ ಒಂದು ಸಣ್ಣ ಬಾಣಲೆಯಲ್ಲಿ ಕೇಸರಿಬಾತ್ ಮಾಡಿದರು. ರವೆ ಬೇಯುವಾಗಲೇ ಹತ್ತು ಮಾತ್ರೆ ಹಾಕಿದ್ದರಂತೆ. ತುಪ್ಪ, ದ್ರಾಕ್ಷಿ, ಗೋಡಂಬಿ, ಏಲಕ್ಕಿ ಯಾವುದಕ್ಕೂ ಕೊರತೆ ಇರಲಿಲ್ಲ. ಬಾಯಿಗಿಟ್ಟರೆ ಉಪ್ಪು ಮರೆತ ಉಪ್ಪಿಟ್ಟು.

ಅವತ್ತೇ ಮಧ್ಯಾಹ್ನ ಬಿಸಿಲು ಜೋರಾದಾಗ ಅದೇ ಡಬ್ಬಿಯಿಂದ ನಿಂಬೆಹಣ್ಣಿನ ಶರಬತ್ತು ಮಾಡಿದರು. ಚಿಟಿಕೆ ಉಪ್ಪು, ಒಂದಿಷ್ಟು ಏಲಕ್ಕಿ. ಅದು ಎಷ್ಟು ಚೆನ್ನಾಗಿತ್ತೆಂದರೆ ಅವರ ಮೊಮ್ಮಕ್ಕಳು ನಮ್ಮ ಲೋಟಕ್ಕೇ ಕೈ ಹಾಕಿದರು. ಇದರಲ್ಲಿ ಸಕ್ಕರೆ ಇಲ್ಲ ಎಂದರೆ ನಂಬಲಿಲ್ಲ.

“ಏನೋ, ಪೇಪರಿಗೆ ಬರೀತೀಯಲ್ಲ, ಇದನ್ನ ಹೇಳು ನೋಡಣ. ಡಬ್ಬಿ ಅದೇ, ಮಾತ್ರೆ ಅದೇ, ಕೈ ನಂದೇ. ಶರಬತ್ತಲ್ಲಿದ್ದ ಸಿಹಿ ಕೇಸರಿಬಾತಲ್ಲಿ ಎಲ್ಲಿಗೆ ಹೋಯ್ತು?”

ಡಬ್ಬಿ ತಿರುಗಿಸಿ ಕನ್ನಡಕ ಏರಿಸಿ ಓದಿದೆ. ಆಸ್ಪರ್ಟೇಮ್. ಅರ್ಧ ಉತ್ತರ ಅಲ್ಲಿಯೇ ಇತ್ತು. ಆಸ್ಪರ್ಟೇಮ್ ಎಂದರೆ ಎರಡು ಅಮೈನೋ ಆಮ್ಲಗಳನ್ನು ಗಂಟು ಹಾಕಿ ಮಾಡಿದ ವಸ್ತು. ಬೇಳೆಯಲ್ಲೂ ಹಾಲಿನಲ್ಲೂ ಇರುವಂಥವೇ ಆ ಎರಡು. ಗಂಟು ಇರುವ ತನಕ ಸಕ್ಕರೆಯ 200 ಪಟ್ಟು ಸಿಹಿ. ಬಿಚ್ಚಿತೋ, ಬಿಡಿಯಾದ ಎರಡಕ್ಕೂ ಸಿಹಿಯೇ ಇಲ್ಲ. ಸ್ವಲ್ಪ ಹುಳಿಯಿರುವ ತಣ್ಣನೆಯ ನೀರಿನಲ್ಲಿ ಆ ಗಂಟು ತಿಂಗಳುಗಟ್ಟಲೆ ಬಿಗಿಯಾಗಿರುತ್ತದೆ. ಹುಳಿಯಿಲ್ಲದ ಕುದಿಯುವ ರವೆಯಲ್ಲಿ ಬಿಚ್ಚಿಹೋಗುತ್ತದೆ. ಚಿಕ್ಕಮ್ಮ ಬಾಣಲೆ ಇಳಿಸಿದ ಮೇಲೆ ಮಾತ್ರೆ ಪುಡಿ ಮಾಡಿ ಕಲಸಿದ್ದರೆ ಸಿಹಿಯಾದರೂ ಉಳಿಯುತ್ತಿತ್ತು. ಕೇಸರಿಬಾತ್ ಆಗುತ್ತಿತ್ತೇ ಎಂಬುದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಈ ಕೃತಕ ಸಿಹಿಗಳ ಹುಟ್ಟೇ ಒಂದು ತಮಾಷೆ. ಸಿಹಿ ಹುಡುಕಿ ಹೊರಟವರು ಯಾರೂ ಇಲ್ಲ. 1879ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಲ್ಲಿದ್ದಲು ಟಾರಿನ ಮೇಲೆ ಕೆಲಸ ಮಾಡುತ್ತಿದ್ದ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಕೈ ತೊಳೆಯದೆ ಊಟಕ್ಕೆ ಕೂತ. ರೊಟ್ಟಿ ಸಿಹಿಯಾಗಿತ್ತು. ಅದೇ ಸ್ಯಾಕರಿನ್. 1937ರಲ್ಲಿ ಮೈಕಲ್ ಸ್ವೇಡಾ ಪ್ರಯೋಗಾಲಯದ ಮೇಜಿನ ಮೇಲಿಟ್ಟ ಸಿಗರೇಟನ್ನು ಮತ್ತೆ ಬಾಯಿಗಿಟ್ಟಾಗ ಸೈಕ್ಲಮೇಟ್ ಸಿಕ್ಕಿತು. 1965ರಲ್ಲಿ ಹೊಟ್ಟೆಹುಣ್ಣಿನ ಔಷಧಕ್ಕೆ ದುಡಿಯುತ್ತಿದ್ದ ಜೇಮ್ಸ್ ಶ್ಲಾಟರ್ ಕಾಗದ ಎತ್ತಿಕೊಳ್ಳಲು ಬೆರಳು ನೆಕ್ಕಿದ್ದೇ ಆಸ್ಪರ್ಟೇಮ್ ಆಯಿತು. ನಮ್ಮವರ ಪಾಲೂ ಇದರಲ್ಲಿದೆ. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಸಕ್ಕರೆಗೆ ಕ್ಲೋರಿನ್ ಸೇರಿಸುವ ಪ್ರಯೋಗ ನಡೆದಿತ್ತು. ಅಲ್ಲಿದ್ದ ಭಾರತೀಯ ಶಶಿಕಾಂತ್ ಫಡ್ನಿಸ್ ಅವರಿಗೆ ಒಂದು ಪುಡಿಯನ್ನು ‘ಟೆಸ್ಟ್’ ಮಾಡಲು ಹೇಳಿದರೆ ಅವರ ಕಿವಿಗೆ ಅದು ‘ಟೇಸ್ಟ್’ ಎಂದು ಕೇಳಿಸಿತಂತೆ. ನಾಲಿಗೆಗೆ ಇಟ್ಟೇಬಿಟ್ಟರು. ಸಕ್ಕರೆಗಿಂತ 600 ಪಟ್ಟು ಸಿಹಿಯ ಸುಕ್ರಲೋಸ್ ಹಾಗೆ ಸಿಕ್ಕಿದ್ದು. ಪ್ರಯೋಗಾಲಯದಲ್ಲಿ ಏನನ್ನೂ ಬಾಯಿಗಿಡಬಾರದು ಎಂದು ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಕಿವಿ ಹಿಂಡಿ ಹೇಳಿಕೊಟ್ಟಿದ್ದು ನೆನಪಾಗುತ್ತದೆ. ಆ ಪಾಠ ಕೇಳದವರಿಂದಲೇ ಈ ಉದ್ಯಮ ನಡೆದಿದೆ.

ಟಾರಿನ ಮೂಲದ್ದು, ಅಮೈನೋ ಆಮ್ಲದ್ದು, ಕ್ಲೋರಿನ್ ಸೇರಿದ ಸಕ್ಕರೆ, ಪರಾಗ್ವೆಯ ಸ್ಟೀವಿಯಾ ಎಲೆಯದು. ಒಂದಕ್ಕೊಂದು ಸಂಬಂಧವೇ ಇಲ್ಲದ ಇವೆಲ್ಲ ನಾಲಿಗೆಗೆ ‘ಸಿಹಿ’ ಎಂದೇ ಯಾಕೆ ತಿಳಿಯುತ್ತವೆ? ನಾಲಿಗೆಯ ರುಚಿಮೊಗ್ಗುಗಳಲ್ಲಿ ಸಿಹಿಗೆ ಇರುವ ಮುಖ್ಯ ಬಾಗಿಲು ಒಂದೇ. ಎರಡು ಪ್ರೋಟೀನುಗಳು ಜೋಡಿಯಾಗಿ ಆಗಿರುವ ಈ ಗ್ರಾಹಿಯನ್ನು ವಿಜ್ಞಾನಿಗಳು ಗುರುತಿಸಿದ್ದು 2001ರ ಸುಮಾರಿಗೆ. ಯಾರು ಬಂದು ತಟ್ಟಿದರೂ ಒಳಗೆ ಹೋಗುವ ಸುದ್ದಿ ಒಂದೇ. ಇದನ್ನು ಪುಸ್ತಕ ಓದಿ ನಂಬಬೇಕಾಗಿಲ್ಲ. ನಮ್ಮ ಕಡೆಯ ಮಧುನಾಶಿನಿ ಬಳ್ಳಿ ಸಾಕು.

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ ಕಡೆ ಗೆಳೆಯನ ತೋಟದ ಬೇಲಿಯಲ್ಲಿ ಆ ಬಳ್ಳಿ ಇದೆ. ಎರಡು ಎಲೆ ಕಿತ್ತು ಚೆನ್ನಾಗಿ ಅಗಿದು, ನಾಲಿಗೆಯ ಮೇಲೆಲ್ಲ ಆಡಿಸಿ ಉಗಿದೆವು. ಹಸಿ ಎಲೆಯ ಕಹಿ ಹೋಗಲೆಂದು ಬಾಯಿ ಮುಕ್ಕಳಿಸಿದೆವು. ಆಮೇಲೆ ಒಂದು ಚಮಚ ಸಕ್ಕರೆ. ಹೊಳೆಯ ಮರಳು ಬಾಯಿಗೆ ಹಾಕಿದಂತಾಯಿತು. ಕರಗುವುದು ಗೊತ್ತಾಗುತ್ತದೆ, ರುಚಿ ಇಲ್ಲ. ಬೆಲ್ಲ ಬರೀ ಉಪ್ಪುಪ್ಪು ಮಣ್ಣಿನ ವಾಸನೆ. ಚಿಕ್ಕಮ್ಮನ ಡಬ್ಬಿಯ ಮಾತ್ರೆ ಸೀಮೆಸುಣ್ಣ. ಡಯಟ್ ಕೋಲಾ ಕುಡಿದರೆ ಗುಳ್ಳೆಯೇಳುವ ಹುಳಿ ನೀರು. ಅರ್ಧ ಗಂಟೆಯ ಮೇಲೆ ಎಲ್ಲ ಸಿಹಿಯೂ ಒಟ್ಟೊಟ್ಟಿಗೆ ವಾಪಸು ಬಂತು. ಬಳ್ಳಿಯಲ್ಲಿರುವ ಜಿಮ್ನೆಮಿಕ್ ಆಮ್ಲ ಆ ಒಂದು ಬಾಗಿಲನ್ನು ಒಳಗಿನಿಂದ ಚಿಲಕ ಹಾಕುತ್ತದೆ. ಸಕ್ಕರೆಗೂ ಪ್ರವೇಶವಿಲ್ಲ, ಆಸ್ಪರ್ಟೇಮಿಗೂ ಇಲ್ಲ. ನಾಲಿಗೆ ಹೊರಳದ ಕರಿ ಕುರಿಮರಿಯ ಮಾತಿನಿಂದ ಹೆಸರಾದ ತರೀಕೆರೆಯಲ್ಲಿ ನಾಲಿಗೆಯ ಈ ಇನ್ನೊಂದು ಆಟವನ್ನೂ ಮಕ್ಕಳಿಗೆ ತೋರಿಸಬಹುದು. ವಿಜ್ಞಾನದ ಮೇಷ್ಟ್ರುಗಳು ಮನಸ್ಸು ಮಾಡಬೇಕು. ಶುಗರಿಗೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಈ ಬಳ್ಳಿಯನ್ನು ಔಷಧಿಯೆಂದು ತಿನ್ನಲು ಹೋಗುವ ಮೊದಲು ಡಾಕ್ಟರನ್ನು ಕೇಳುವುದು ಒಳ್ಳೆಯದು.

ಬಾಗಿಲು ಒಂದೇ ಆದರೂ ತಟ್ಟುವ ರೀತಿ ಒಂದೇ ಅಲ್ಲ. ಸಕ್ಕರೆ ಕರಗಿದ ಕೂಡಲೇ ಬರುತ್ತದೆ, ಗುಟುಕು ಇಳಿದ ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಆಸ್ಪರ್ಟೇಮ್, ಸುಕ್ರಲೋಸ್ ತುಸು ತಡವಾಗಿ ಬಂದು, ಎಲೆ ಎತ್ತಿದ ಮೇಲೂ ಏಳದ ನೆಂಟರ ಹಾಗೆ ಕೂತುಬಿಡುತ್ತವೆ. ಸ್ಟೀವಿಯಾ ಇನ್ನೂ ನಿಧಾನ, ಕೊನೆಗೆ ಜ್ಯೇಷ್ಠಮಧು ಅಗಿದಂಥ ರುಚಿ ಬಿಡುತ್ತದೆ. ಸ್ಯಾಕರಿನ್ ಬೇಗ ಬರುತ್ತದೆ, ಆದರೆ ಹಿಂದೆಯೇ ಕಹಿಯನ್ನು ಕರೆತರುತ್ತದೆ. ಹಳೆಯ ಹಿತ್ತಾಳೆ ಲೋಟದ ಅಂಚು ನೆಕ್ಕಿದ ಹಾಗೆ. ಸ್ಯಾಕರಿನ್ನೂ ಅಸಿಸಲ್ಫೇಮ್ ಎಂಬ ಅದರ ಜಾತಿಯದೂ ಸಿಹಿಯ ಬಾಗಿಲಿನ ಜೊತೆಗೆ ಕಹಿಯ ಒಂದೆರಡು ಬಾಗಿಲುಗಳನ್ನೂ ತಟ್ಟುವುದೇ ಇದಕ್ಕೆ ಕಾರಣ. ಆ ಕಹಿ ಬಾಗಿಲುಗಳು ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ, ವಂಶವಾಹಿಯಲ್ಲೇ ವ್ಯತ್ಯಾಸವಿದೆ. ಗಂಡ ‘ಥೂ ಕಹಿ’ ಎಂದು ಮುಖ ಕಿವುಚಿದ್ದನ್ನು ಹೆಂಡತಿ ‘ಚೆನ್ನಾಗೇ ಇದೆಯಲ್ಲ’ ಎಂದು ಕುಡಿದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇನ್ನೊಂದು ವಿಚಿತ್ರ. ಸ್ಯಾಕರಿನ್ ಹೆಚ್ಚು ಸುರಿದರೆ ಸಿಹಿ ಹೆಚ್ಚುತ್ತಾ ಹೋಗುವುದಿಲ್ಲ. ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಕಹಿ ಮಾತ್ರ ಏರುತ್ತದೆ. ಅತಿಯಾದರೆ ಸ್ಯಾಕರಿನ್ನೇ ಸಿಹಿಯ ಬಾಗಿಲಿಗೆ ಅಡ್ಡ ನಿಲ್ಲುತ್ತದೆ ಎಂದು 2006ರಲ್ಲಿ ಅಮೆರಿಕ ಮತ್ತು ಜರ್ಮನಿಯ ಸಂಶೋಧಕರು ತೋರಿಸಿದರು. ಆಗ ನೀರು ಕುಡಿದರೆ ಅಡ್ಡ ನಿಂತದ್ದು ತೊಳೆದುಹೋಗಿ, ಬರೀ ನೀರೇ ಸಿಹಿ ಅನ್ನಿಸುತ್ತದೆ. ನೆಲ್ಲಿಕಾಯಿ ತಿಂದು ನೀರು ಕುಡಿದ ಯಾರಿಗೂ ಆ ಅನುಭವ ಹೊಸದಲ್ಲ. ಅಲ್ಲಿನ ಕಾರಣ ಬೇರೆ, ಬೆರಗು ಅದೇ.

ಈಗ ಕಾಫಿಗೆ ಬರೋಣ. ಕಡೂರು ಬಸ್‌ ನಿಲ್ದಾಣದ ಸುತ್ತಿನ ಹೋಟೆಲುಗಳಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ‘ಎರಡು ಕಾಫಿ, ಒಂದು ವಿತೌಟ್’ ಎಂಬ ಕೂಗು ಎಷ್ಟು ಸಲ ಕೇಳುತ್ತದೋ ಲೆಕ್ಕವಿಲ್ಲ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ ಎಂದು ಐಸಿಎಂಆರ್ ನೆರವಿನ ಸಮೀಕ್ಷೆ 2023ರಲ್ಲಿ ಹೇಳಿತು. ಆ ಅಂಕಿಗೆ ನಮ್ಮೂರಿನ ಕನ್ನಡ ಅನುವಾದವೇ ಈ ‘ವಿತೌಟ್’. ವಿತೌಟ್ ಬಂದ ಮೇಲೆ ಜೇಬಿನಿಂದ ಡಬ್ಬಿ ಹೊರಬರುತ್ತದೆ, ಟಕ್ ಟಕ್. ಬಿಸಿ ಕಾಫಿಯಲ್ಲಿ ಆಸ್ಪರ್ಟೇಮಿನ ಗಂಟು ಬಿಚ್ಚುವುದಿಲ್ಲವೇ ಎಂದು ಕೇಳಬಹುದು. ಕುಡಿದು ಮುಗಿಸುವ ಐದು ಹತ್ತು ನಿಮಿಷದಲ್ಲಿ ನಾಲಿಗೆಗೆ ತಿಳಿಯುವಷ್ಟು ಬಿಚ್ಚುವುದಿಲ್ಲ. ಫ್ಲಾಸ್ಕಿಗೆ ಹಾಕಿ ಇಡೀ ದಿನ ಇಟ್ಟರೆ ಬೇರೆ ಮಾತು. ಚಿಕೋರಿ ಹಾಕಿದ ಗಟ್ಟಿ ಡಿಕಾಕ್ಷನ್ನಿನಲ್ಲಿ ಮಾತ್ರೆಯ ದೋಷ ಬೇಗ ಸಿಕ್ಕಿಬೀಳುವುದೂ ಇಲ್ಲ. ಕಾಫಿಯೇ ಕಹಿ, ಅದರ ಗುಂಪಿನಲ್ಲಿ ಮಾತ್ರೆಯ ಕಹಿ ತಲೆಮರೆಸಿಕೊಳ್ಳುತ್ತದೆ. ಸಿಕ್ಕಿಬೀಳುವುದು ಕುಡಿದಾದ ಮೇಲೆ. ಕಾಫಿ ಹೋಗಿರುತ್ತದೆ, ಸಿಹಿ ಹೋಗಿರುವುದಿಲ್ಲ. ಕಾಫಿ ಕುಡಿದ ಮೇಲೆ ಬಾಯಲ್ಲಿ ಉಳಿಯಬೇಕಾದ್ದು ಕಾಫಿ ತಾನೇ? ನನ್ನ ನಾಲಿಗೆಯ ತೀರ್ಪು ಕೇಳಿದರೆ, ಮಾತ್ರೆ ಹಾಕಿದ ಕಾಫಿಗಿಂತ ವಿತೌಟ್ ವಾಸಿ. ಎರಡು ವಾರ ಕಷ್ಟ, ಆಮೇಲೆ ಹಾಲಿನ ಸಿಹಿಯೇ ಗೊತ್ತಾಗತೊಡಗುತ್ತದೆ.

ತಂಪು ಪಾನೀಯದ ಬಾಟಲಿಯಲ್ಲಿ ಕಂಪನಿಗಳು ಈ ಕಸರತ್ತನ್ನು ಕೋಟಿಗಟ್ಟಲೆ ಖರ್ಚು ಮಾಡಿ ಮಾಡಿವೆ. ಮಾಮೂಲಿ ಕೋಲಾದ 100 ಮಿಲಿಗೆ ಸುಮಾರು 10 ಗ್ರಾಂ ಸಕ್ಕರೆ. 300 ಮಿಲಿ ಬಾಟಲಿಗೆ ಹತ್ತಿರ ಹತ್ತಿರ ಆರು ಚಮಚ ಆಯಿತು. ಡಯಟ್ ಕೋಲಾದಲ್ಲಿ ಆ ಜಾಗಕ್ಕೆ ಒಂದು ಗ್ರಾಮಿನ ಕಾಲು ಭಾಗದಷ್ಟೂ ಪುಡಿ ಬೇಕಾಗಿಲ್ಲ. ಒಂದೇ ಸಿಹಿ ಹಾಕಿದರೆ ಅದರ ದೋಷ ಎದ್ದು ಕಾಣುತ್ತದೆ. ಬೇಗ ಬರುವ ಅಸಿಸಲ್ಫೇಮನ್ನೂ ತಡವಾಗಿ ಬಂದು ಕೂರುವ ಆಸ್ಪರ್ಟೇಮನ್ನೂ ಬೆರೆಸಿದರೆ ಒಂದರ ಕುಂದನ್ನು ಇನ್ನೊಂದು ಮುಚ್ಚುತ್ತದೆ. ಮಾತ್ರವಲ್ಲ, ಎರಡೂ ಸೇರಿದಾಗಿನ ಸಿಹಿ ಬಿಡಿಬಿಡಿಯಾಗಿ ಕೂಡಿದ್ದಕ್ಕಿಂತ ಹೆಚ್ಚು. ಗುಳ್ಳೆಗಳೂ ಕೈಜೋಡಿಸುತ್ತವೆ. ಗ್ಯಾಸ್ ತುಂಬಿದ ಪಾನೀಯದಲ್ಲಿ ಸಕ್ಕರೆಗೂ ಕೃತಕ ಸಿಹಿಗೂ ನಡುವಿನ ಅಂತರವನ್ನು ಮಿದುಳು ಅಷ್ಟಾಗಿ ಗುರುತಿಸುವುದಿಲ್ಲ ಎಂದು ಇಟಲಿಯ ಸಂಶೋಧಕರು 2013ರಲ್ಲಿ ಸ್ಕ್ಯಾನ್ ಮಾಡಿ ನೋಡಿ ಹೇಳಿದ್ದಾರೆ. ಇಷ್ಟೆಲ್ಲ ಇದ್ದೂ ಜನರ ನಾಲಿಗೆಯನ್ನು ಸುಮ್ಮನೆ ಮುಟ್ಟುವ ಹಾಗಿಲ್ಲ. 2015ರಲ್ಲಿ ಪೆಪ್ಸಿ ಕಂಪನಿ ಅಮೆರಿಕದ ಡಯಟ್ ಪೆಪ್ಸಿಯಿಂದ ಆಸ್ಪರ್ಟೇಮ್ ತೆಗೆದು ಸುಕ್ರಲೋಸ್ ಹಾಕಿತು. ರುಚಿ ಬದಲಾಯಿತೆಂದು ಗಿರಾಕಿಗಳು ಬೈದರು. ಮರುವರ್ಷವೇ ಹಳೆಯ ಆಸ್ಪರ್ಟೇಮ್ ಬಾಟಲಿ ಅಂಗಡಿಗೆ ವಾಪಸಾಯಿತು.

ಚಿಕ್ಕಮ್ಮನ ಶರಬತ್ತು ಗೆದ್ದದ್ದೂ ಇಂಥ ಒಳಸಂಚಿನಿಂದಲೇ. ನಿಂಬೆಯ ಹುಳಿಯಲ್ಲಿ ಮಾತ್ರೆಯ ಗಂಟು ಗಟ್ಟಿ. ಚಿಟಿಕೆ ಉಪ್ಪು ಕಹಿಯನ್ನು ಅಡಗಿಸುತ್ತದೆ. ಏಲಕ್ಕಿಯ ವಾಸನೆಗೆ ಸಿಹಿಯ ನೆನಪು ಅಂಟಿಕೊಂಡಿದೆ. ಪಾಯಸದ ಪಾತ್ರೆಯಿಂದಲೇ ಅದನ್ನು ಕಲಿತ ಮೂಗು ಇಲ್ಲದ ಸಿಹಿಯನ್ನೂ ಸ್ವಲ್ಪ ಸೇರಿಸಿಕೊಳ್ಳುತ್ತದೆ. ಯಾವ ಪ್ರಯೋಗಾಲಯಕ್ಕೂ ಹೋಗದೆ ಅವರ ಕೈ ಇದೆಲ್ಲ ಮಾಡಿತ್ತು.

ಆದರೆ ಅದೇ ಮಾತ್ರೆಯಿಂದ ಪಾನಕ ಮಾಡಿ ನೋಡಿ. ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆ ದುರ್ಗಾಂಬೆಯ ಜಾತ್ರೆಗೆ ಸುತ್ತಲಿನ ಊರುಗಳಿಂದ ಪಾನಕದ ಗಾಡಿಗಳು ಓಡುವುದನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಅಮೃತ್ ಮಹಲ್ ರಾಸುಗಳ ನಾಡಿದು, ಎತ್ತುಗಳ ಓಟ ನೋಡಲೆಂದೇ ಜನ ರಸ್ತೆಯ ಎರಡೂ ಬದಿ ನಿಲ್ಲುತ್ತಾರೆ. ಆ ಧೂಳಿನಲ್ಲಿ ನಿಂತು ಕುಡಿಯುವ ಬೆಲ್ಲದ ಪಾನಕದಲ್ಲಿ ಸಿಹಿ ಒಂದು ಪಾಲು ಮಾತ್ರ. ಬೆಲ್ಲದ ಸುಟ್ಟ ವಾಸನೆ, ಅದರೊಳಗಿನ ಸಣ್ಣ ಉಪ್ಪು, ಬಣ್ಣ, ನಾಲಿಗೆಯ ಮೇಲೆ ಉರುಳುವ ಮಂದ, ಎಲ್ಲ ಸೇರಿ ಪಾನಕ. ಮಾತ್ರೆಗೆ ವಾಸನೆ ಇಲ್ಲ, ಬಣ್ಣ ಇಲ್ಲ, ತೂಕ ಇಲ್ಲ. ಸಕ್ಕರೆಯ ಶರಬತ್ತಿಗೆ ಹಾಕಬಹುದಾದ ವೇಷ ಬೆಲ್ಲದ ಪಾನಕಕ್ಕೆ ಹಾಕಲಾಗದು. ನಾನು ಮಾಡಿ ನೋಡಿದ್ದೇನೆ. ಕಾಳುಮೆಣಸಿನ ಕಷಾಯಕ್ಕೆ ಯಾರೋ ಕದ್ದು ಸಿಹಿ ಹಾಕಿದ ಹಾಗಿತ್ತು.

ಈ ‘ತೂಕ’ದ ಮಾತೇ ಕೇಸರಿಬಾತಿನ ಉಳಿದ ಅರ್ಧ ಉತ್ತರ. ಚಿಕ್ಕಮ್ಮ ಹಟಕ್ಕೆ ಬಿದ್ದು ಇನ್ನೊಂದು ಸಲ ಸುಕ್ರಲೋಸ್ ಪುಡಿ ತರಿಸಿ ಮಾಡಿದರು. ಅದು ಒಲೆಯ ಬಿಸಿಯನ್ನು ತಡೆಯುತ್ತದೆ. ಸಿಹಿಯೇನೋ ಇತ್ತು, ಕೇಸರಿಬಾತ್ ಇರಲಿಲ್ಲ. ಬೆಂದ ರವೆಗೆ ಸಕ್ಕರೆ ಬಿದ್ದಾಗ ಒಮ್ಮೆ ಎಲ್ಲ ಸಡಿಲವಾಗಿ ನೀರಾಗುತ್ತದೆ, ಆಮೇಲೆ ಮಗುಚುತ್ತ ಹೋದಂತೆ ಹೊಳಪು ಬಂದು ಬಾಣಲೆಯ ಅಂಚು ಬಿಡುತ್ತದೆ. ಆ ಕೆಲಸವೆಲ್ಲ ಸಕ್ಕರೆಯ ಮೈಯದು, ಅದರ ಸಿಹಿಯದಲ್ಲ. ಎರಡು ಲೋಟ ಸಕ್ಕರೆಯ ಜಾಗದಲ್ಲಿ ಚಿಟಿಕೆ ಪುಡಿ ಹಾಕಿದರೆ ಆ ಮೈ ಎಲ್ಲಿಂದ ಬರಬೇಕು? ಮೈಸೂರು ಪಾಕಿನಲ್ಲಂತೂ ಹೆಸರಿನಲ್ಲೇ ಪಾಕವಿದೆ. ಒಂದೆಳೆ ಪಾಕ ಬಂದು, ಕಡಲೆಹಿಟ್ಟು ತುಪ್ಪ ಕುಡಿದು, ಸಕ್ಕರೆ ಮತ್ತೆ ಹರಳುಗಟ್ಟುವಾಗ ಆ ತೂತುತೂತಿನ ಗಟ್ಟಿತನ ಬರುತ್ತದೆ. ಸ್ಯಾಕರಿನ್ನಿನಿಂದ ಎಳೆ ಬರುವ ಪಾಕ ತೆಗೆದವರು ಇನ್ನೂ ಹುಟ್ಟಿಲ್ಲ. ಅಂಗಡಿಯ ‘ಶುಗರ್ ಫ್ರೀ’ ಮಿಠಾಯಿಗಳಲ್ಲಿ ಮೈ ತುಂಬಲು ಮಾಲ್ಟಿಟಾಲ್, ಸಾರ್ಬಿಟಾಲ್ ಮುಂತಾದವನ್ನು ಬಳಸುತ್ತಾರೆ. ನಾಲ್ಕು ತುಂಡು ಹೆಚ್ಚು ತಿಂದವರಿಗೆ ಅದರ ಪರಿಣಾಮ ಮರುದಿನ ಬೆಳಿಗ್ಗೆ ಗೊತ್ತಾಗಿರುತ್ತದೆ, ಇಲ್ಲಿ ಬರೆಯುವುದು ಬೇಡ. ಸರ್ಕಾರದ ಕಡತಕ್ಕೆ ಈ ತಾಪತ್ರಯವಿಲ್ಲ. 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಹಲ್ವ, ಮೈಸೂರು ಪಾಕ್, ಬೂಂದಿ ಲಾಡು, ಜಿಲೇಬಿ ಎಂದು ಹೆಸರು ಹಿಡಿದೇ ಕಿಲೋಗೆ ಅರ್ಧ ಗ್ರಾಮಿನವರೆಗೆ ಸ್ಯಾಕರಿನ್ ಹಾಕಬಹುದೆಂದು ಬರೆದಿಟ್ಟಿದ್ದಾರೆ.

ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಅಜ್ಜಂಪುರ, ತರೀಕೆರೆ, ಕಡೂರು, ನಮ್ಮ ಈ ಮೂರೂ ತಾಲ್ಲೂಕಿನವರು ಕುತೂಹಲದಿಂದ ಓದಬೇಕಾದ ಸಾಲು. ಸೋಡಾ ನೀರಿನಂಥ ಪಾನೀಯಕ್ಕೆ ಸ್ಯಾಕರಿನ್ ಕಿಲೋಗೆ 100 ಮಿಲಿಗ್ರಾಂ. ಅಡಿಕೆಪುಡಿಗೆ 4,000 ಮಿಲಿಗ್ರಾಂ. ಪಾನ್ ಮಸಾಲಾಕ್ಕೆ 8,000 ಮಿಲಿಗ್ರಾಂ. ಸೋಡಾಗೆ ಕೊಟ್ಟದ್ದರ 40 ಪಟ್ಟು, 80 ಪಟ್ಟು. ಹೀಗೇಕೆ?

ಅಡಿಕೆ ಸುಲಿದ ಕೈಗೆ ಉತ್ತರ ಗೊತ್ತು. ದೀಪಾವಳಿಯ ಆಚೀಚೆ ತೋಟದ ಮನೆಗಳಲ್ಲಿ ಒಲೆ ಹೂಡಿ ಹಸಿ ಅಡಿಕೆ ಬೇಯಿಸುವಾಗ ಹಂಡೆಯಲ್ಲಿ ಉಳಿಯುವ ಕೆಂಪುಗಪ್ಪು ನೀರೇ ಚೊಗರು. ಕೈಗೆ ಹತ್ತಿದರೆ ವಾರವಾದರೂ ಬಿಡದು, ಬಟ್ಟೆಗೆ ಹತ್ತಿದರೆ ಆ ಬಟ್ಟೆ ಅಡಿಕೆ ಕೆಲಸಕ್ಕೇ ಮೀಸಲು. ಹಿಂದಿನ ವರ್ಷದ ಚೊಗರನ್ನು ಜೋಪಾನವಾಗಿಟ್ಟು ಈ ವರ್ಷದ ಅಡಿಕೆಗೆ ಬಣ್ಣ ಕಟ್ಟುವುದೂ ಉಂಟು. ಚಿಕ್ಕವನಿದ್ದಾಗ ಬೆರಳದ್ದಿ ನೆಕ್ಕಿದ್ದೆ. ನಾಲಿಗೆ ಮುದುಡಿ ಒಣ ಬಟ್ಟೆಯಾಯಿತು. ಅದು ಒಗರು. ಚೊಗರಿನಲ್ಲಿರುವ ಟ್ಯಾನಿನ್ ಎಂಜಲಿನ ಪ್ರೋಟೀನುಗಳನ್ನು ಹಿಡಿದು ಉಂಡೆಗಟ್ಟಿಸುತ್ತದೆ, ಬಾಯಿಯ ಜಾರು ಹೋಗಿ ಒರಟಾಗುತ್ತದೆ. ಇಂಥ ಒಗರಿನ ಮುಂದೆ ಸ್ಯಾಕರಿನ್ನಿನ ಹಿಂಬದಿಯ ಕಹಿ ಯಾವ ಲೆಕ್ಕ? ಅಡಿಕೆಯೇ ಕಹಿಗೊಗರು. ಸಕ್ಕರೆಯ ಜೊತೆಗಿಟ್ಟರೆ ಸಿಕ್ಕಿಬೀಳುವ ಕಳ್ಳ ಇಲ್ಲಿ ಮನೆಯವನಾಗಿಬಿಡುತ್ತಾನೆ.

ಅಷ್ಟೇ ಅಲ್ಲ. ಅಡಿಕೆ ಬಾಯಲ್ಲಿ ಹತ್ತು ಹದಿನೈದು ನಿಮಿಷ ಇರುವ ವಸ್ತು. ಸಕ್ಕರೆ ಹಾಕಿದ್ದರೆ ಮೊದಲ ಎರಡು ನಿಮಿಷಕ್ಕೇ ಕರಗಿ ಖಾಲಿ, ಉಳಿದ ಹೊತ್ತೆಲ್ಲ ಮರದ ಚೂರು. ಕಾಫಿಯಲ್ಲಿ ನಮಗೆ ಬೇಡವಾಗಿದ್ದ ಎದ್ದುಹೋಗದ ನೆಂಟನೇ ಇಲ್ಲಿ ಬೇಕಾದವನು. ಸಕ್ಕರೆ ಮಳೆಗಾಲದಲ್ಲಿ ನೀರೆಳೆದು ಅಡಿಕೆಪುಡಿಯನ್ನು ಮುದ್ದೆ ಮಾಡುತ್ತದೆ, ಚಿಟಿಕೆ ಸ್ಯಾಕರಿನ್ ಆ ತೊಂದರೆ ಕೊಡದು. ಲೆಕ್ಕ ಹಾಕಿ: ಕಿಲೋಗೆ 4 ಗ್ರಾಂ, ಸಕ್ಕರೆಯ 300 ಪಟ್ಟು ಎಂದಿಟ್ಟುಕೊಂಡರೆ ಒಂದು ಕಿಲೋ ಅಡಿಕೆಗೆ 1.2 ಕಿಲೋ ಸಕ್ಕರೆ ಸುರಿದ ಹಾಗೆ. ಅಷ್ಟು ದಟ್ಟವಾದಾಗ ನಾಲಿಗೆ ಆ ಲೆಕ್ಕವನ್ನು ಪೂರ್ತಿ ಹಿಡಿಯುವುದಿಲ್ಲ ಎಂದು ಆಗಲೇ ಹೇಳಿದೆ. ಆದರೂ ಸಕ್ಕರೆಯಿಂದ ಇದು ಆಗದ ಕೆಲಸ. ಮೇಲೆ ಏಲಕ್ಕಿ, ಗುಲಾಬಿ, ಪುದೀನದ ತಂಪು. ಇಷ್ಟಾದ ಮೇಲೆ ಪೊಟ್ಟಣದೊಳಗಿರುವುದು ಅಡಿಕೆ ಎನ್ನುವುದೇ ಮರೆತುಹೋಗುತ್ತದೆ.

ನಮ್ಮ ಸೀಮೆಯ ಕೆಂಪಡಿಕೆ, ರಾಶಿಯೋ ಬೆಟ್ಟೆಯೋ, ಮಂಡಿ ಸೇರಿ ಉತ್ತರ ಭಾರತದ ಪಾನ್ ಮಸಾಲಾ ಕಾರ್ಖಾನೆಗಳಿಗೆ ಲಾರಿ ಹತ್ತುತ್ತದೆ. ಅಲ್ಲಿ ಸಿಹಿ ಮೆತ್ತಿಕೊಂಡು, ಹೊಳೆಯುವ ಪೊಟ್ಟಣದಲ್ಲಿ ಮಾಲೆಯಾಗಿ ಬಂದು ನಮ್ಮದೇ ಅಂಗಡಿಗಳ ಮುಂದೆ ತೂಗುತ್ತದೆ. ಚಿಕ್ಕಮ್ಮ ತಮ್ಮ ಮಾತ್ರೆಯ ಬಗ್ಗೆ ಪೇಪರಿನಲ್ಲಿ ಬಂದದ್ದನ್ನೆಲ್ಲ ಓದಿ ಹೆದರಿದ್ದಾರೆ. ಅದೇ ಚಿಕ್ಕಮ್ಮ ಊಟವಾದ ಮೇಲೆ ಮೊಮ್ಮಗನ ಅಂಗೈಗೆ ಒಂದು ಚಿಟಿಕೆ ಸಿಹಿ ಅಡಿಕೆ ಹಾಕುತ್ತಾರೆ. “ಮಗು ಅಲ್ವೇನೋ, ಬಾಯಿ ಸಿಹಿ ಆಗ್ಲಿ ಬಿಡು.”

ಹೆದರಿಕೆಯ ತೂಕವನ್ನೂ ಒಮ್ಮೆ ನೋಡೋಣ. 1977ರಲ್ಲಿ ಇಲಿಗಳ ಮೂತ್ರಕೋಶದ ಗಡ್ಡೆ ಕಂಡು ಅಮೆರಿಕ ಸ್ಯಾಕರಿನ್ ನಿಷೇಧಿಸಲು ಹೊರಟಿತ್ತು. ಮನುಷ್ಯರಿಗೆ ಅದು ಅನ್ವಯಿಸದೆಂದು ಗೊತ್ತಾಗಿ 2000ದಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದ ಕೈಬಿಟ್ಟಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಆಸ್ಪರ್ಟೇಮನ್ನು ‘ಕ್ಯಾನ್ಸರ್‌ಕಾರಕ ಇರಲೂಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ದಿನಕ್ಕೆ ದೇಹತೂಕದ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿ ಮಾತ್ರ ಬದಲಾಗಲಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲೆಂದು ಇಂಥ ಸಿಹಿಗಳನ್ನು ನೆಚ್ಚಬೇಡಿ ಎಂದೂ ಹೇಳಿತು. ಈಗಾಗಲೇ ಮಧುಮೇಹ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿತು. ಚಿಕ್ಕಮ್ಮನ ಎರಡು ಮಾತ್ರೆ ಇದಾವುದರ ಹತ್ತಿರಕ್ಕೂ ಬಾರದು. ಆದರೆ ಅದೇ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನು 2004ರಲ್ಲೇ 1ನೇ ಗುಂಪಿಗೆ, ಅಂದರೆ ಅನುಮಾನವೇ ಇಲ್ಲದವುಗಳ ಸಾಲಿಗೆ, ಸೇರಿಸಿದೆ. ಅಡಿಕೆಯ ದುಡ್ಡಿನಲ್ಲೇ ಓದಿ ಬೆಳೆದವನು ಇದನ್ನು ಬರೆದರೆ ಊರಲ್ಲಿ ಬೈಸಿಕೊಳ್ಳಬೇಕು, ಬೈಸಿಕೊಳ್ಳುತ್ತೇನೆ. ಎಲೆಯಡಿಕೆಯ ತಟ್ಟೆಯನ್ನು ಮಕ್ಕಳ ಮುಂದೆ ಹಿಡಿಯುವ ಪದ್ಧತಿ ನಮ್ಮಲ್ಲಿ ಇಲ್ಲ. ಬರೀ ಅಡಿಕೆಯ ಒಗರಿಗೆ ಮಕ್ಕಳೂ ಬಾಯಿ ಹಾಕುತ್ತಿರಲಿಲ್ಲ. ಆ ಒಗರು ಒಂದು ಬೇಲಿಯಾಗಿತ್ತು. ಬೇಲಿ ಮುರಿದದ್ದು ಸ್ಯಾಕರಿನ್.

ಸ್ಯಾಕರಿನ್ನಿಗೆ ಅಂತರರಾಷ್ಟ್ರೀಯ ತಜ್ಞರ ಸಮಿತಿ ಇಟ್ಟಿರುವ ದಿನದ ಮಿತಿ ದೇಹತೂಕದ ಕಿಲೋಗೆ 5 ಮಿಲಿಗ್ರಾಂ. 20 ಕಿಲೋ ತೂಗುವ ಮಗುವಿಗೆ 100 ಮಿಲಿಗ್ರಾಂ ಆಯಿತು. ನಿಯಮದ ಪೂರ್ತಿ ಪ್ರಮಾಣ ಹಾಕಿದ ಅಡಿಕೆಪುಡಿಯಾದರೆ 25 ಗ್ರಾಮಿಗೇ ಆ ಮಿತಿ ಮುಗಿಯಿತು. ಪಾನ್ ಮಸಾಲಾ ಆದರೆ ಹನ್ನೆರಡೂವರೆ ಗ್ರಾಮಿಗೆ.

ಮುಂದಿನ ಸಲ ಅಂಗಡಿಯಲ್ಲಿ ಸಿಹಿ ಅಡಿಕೆಯ ಪೊಟ್ಟಣ ಕೊಂಡರೆ ಹರಿಯುವ ಮೊದಲು ಹಿಂಬದಿ ನೋಡಿ. ಅಕ್ಷರ ಸಾಸಿವೆಗಿಂತ ಸಣ್ಣದು, ಕನ್ನಡಕ ಬೇಕಾಗುತ್ತದೆ. 950 ಎಂದಿದ್ದರೆ ಅಸಿಸಲ್ಫೇಮ್, 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 960 ಸ್ಟೀವಿಯಾದ್ದು. ಕೃತಕ ಸಿಹಿ ಇದೆ, ಮಕ್ಕಳಿಗೆ ತಕ್ಕುದಲ್ಲ ಎಂಬ ಎಚ್ಚರಿಕೆಯನ್ನೂ ಅಲ್ಲೇ ಎಲ್ಲೋ ಮೂಲೆಯಲ್ಲಿ ಹುಡುಕಿ. ಅದನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಬಿಡಿ, ಮೊಮ್ಮಗ ಅಂಗೈ ಚಾಚುವ ಮೊದಲು.